ಕುಂಕುಮದಲ್ಲಿ ಉಳಿದ ಮೂರಕ್ಷರ

"ಇಟ್ಟಿಗೆ ಹೊತ್ತೋಳಿಗೆ ಫಾರಿನ್ ಪೊಲೀಸರ ರಿವಾಲ್ವರ್ ಗುರುತು ಸಿಗುತ್ತೇನಮ್ಮ?" ಎಂದು ನಕ್ಕವನು ಕೋಲಾರದ ಬಂದೂಕು ಅಂಗಡಿಯವನು. ತೊಂಬತ್ತರ ದಶಕ ಅದು. ಮಾಲೂರಿನಲ್ಲಿ ಆಗಲೇ ನನ್ನದೇ ಇಟ್ಟಿಗೆ ಗೂಡಿತ್ತು, ಬಂದೂಕಿನ ಲೈಸೆನ್ಸಿತ್ತು, ಬೇರೆ ದೇಶದ ಪೊಲೀಸರಿಗೆಂದು ಮಾಡಿದ ಹಳೇ ರಿವಾಲ್ವರುಗಳನ್ನು ಕೂಡಿಡುವ ಹುಚ್ಚೂ ಇತ್ತು.

ದಸರೆಯ ಮರುವಾರ ಮುಳಬಾಗಿಲಿನ ಮುದಿ ವಕೀಲ ರಾಯರೊಬ್ಬರ ಮನೆಗೆ ನಾನೂ ಅವನೂ ಒಂದೇ ರಿವಾಲ್ವರ್ ಕೊಳ್ಳಲು ಹೋದೆವು. ಆಯುಧಪೂಜೆಯ ಕುಂಕುಮ ಮೆತ್ತಿದ್ದ ರಿವಾಲ್ವರನ್ನು ಮುಂದಿಟ್ಟು ರಾಯರು, "ಇದು ಎಲ್ಲಿಯದು ಅಂತ ಹೇಳಿದವರಿಗೇ ಕೊಡ್ತೀನಿ. ನಮ್ಮಪ್ಪನಿಗೂ ಗೊತ್ತಿರಲಿಲ್ಲ" ಎಂದರು.

ಅಂಗಡಿಯವನು ನಳಿಗೆಯನ್ನು ಎಣ್ಣೆಬಟ್ಟೆಯಿಂದ ಉಜ್ಜಿದ. ಸವೆದ ಉಕ್ಕಷ್ಟೇ ಕಂಡಿತು. "ಗುರುತೇ ಇಲ್ಲ ಸ್ವಾಮಿ."

"ಹಿಡಿಯನ್ನು ಒರೆಸಬೇಡಿ" ಎಂದು ಕಸಿದುಕೊಂಡೆ. ಇಟ್ಟಿಗೆಯ ಅಚ್ಚು ನೋಡಿಯೇ ಇಂಗ್ಲಿಷ್ ಅಕ್ಷರ ಕಲಿತವಳು ನಾನು. ಸವೆದ ಅಚ್ಚೊಳಗೆ ಕೆಂಪು ದೂಳು ಕೂತರೆ ಅಕ್ಷರ ಎದ್ದು ಕಾಣುತ್ತದೆ. ಹಿಡಿಯ ಹಿಂಬದಿಯನ್ನು ಅಂಗೈಯಿಂದ ಮೆಲ್ಲಗೆ ಸವರಿದೆ. ಕುಂಕುಮ ಗೀರುಗಳಲ್ಲಿ ಮಾತ್ರ ಉಳಿಯಿತು: ಎಸ್, ಪಿ, ಎಫ್.

"ಸಿಂಗಪುರ್ ಪೊಲೀಸ್ ಫೋರ್ಸ್. ಸಿಂಗಪುರದ ಪೊಲೀಸರದು, ರಾಯರೇ."

"ಎಕ್ಕಡ ಚದಿವಾವಮ್ಮಾ?" ಎಲ್ಲಿ ಓದಿದೆ ಎಂದು ರಾಯರು ತೆಲುಗಿನಲ್ಲೇ ಕೇಳಿದರು.

"ಇಟ್ಟಿಗೆ ಗೂಡಲ್ಲಿ ಓದಿದೆ."

ಅದು ಇಂದಿಗೂ ನನ್ನ ಬೀರುವಿನಲ್ಲಿದೆ. ಅದಕ್ಕೆ ನಾನು ಕೊಟ್ಟದ್ದು ಎರಡು ಬಂಗಾರದ ಬಳೆ, ಪ್ರತಿ ಆಯುಧಪೂಜೆಗೂ ಕುಂಕುಮ ಹಚ್ಚುತ್ತೇನೆಂಬ ಮಾತು. ಬಳೆ ಮತ್ತೆ ಮಾಡಿಸಿಕೊಂಡೆ. ಕುಂಕುಮದಿಂದ ಏಳುವ ತುಕ್ಕನ್ನು ವರ್ಷವರ್ಷವೂ ಉಜ್ಜುತ್ತಲೇ ಇದ್ದೇನೆ.