ನಡೆಯದ ಜೆಲಿಕ್

ನೇಮನ್ ನದಿಯ ದಂಡೆಯ ಯೆಹೂದಿಗಳ ಊರಿನಲ್ಲಿ ಬ್ರೈನ ಎಂಬಾಕೆ ಹೆಬ್ಬಾತಿನ ಕೊಬ್ಬು ಕಾಯಿಸಿ ಮಾರಿ ಗಂಡನನ್ನು ಸಾಕುತ್ತಿದ್ದಳು. ಗಂಡ ಜೆಲಿಕ್ ಪಾಠಮಂದಿರದ ಬೆಚ್ಚನೆಯ ಮೂಲೆಯಲ್ಲಿ ಕೂತು ವಿದ್ವಾಂಸನಾಗಿದ್ದ. ಇಡೀ ಆಯುಷ್ಯದ ಓದಿನಲ್ಲಿ ಅವನಿಗೆ ದಕ್ಕಿದ್ದು ಒಂದೇ ಒಂದು ಪದದ ಅರ್ಥ.

"ಹಲಾಖಾ ಅಂದ್ರೆ ನಮ್ಮ ಧರ್ಮದ ಕಟ್ಟಳೆ ಅಂತೀರಿ. ಅದರ ಬೇರು ಗೊತ್ತಾ? ‘ಹಾಲಖ್’. ಅಂದ್ರೆ ನಡೆದ! ಕಟ್ಟಳೆ ಅನ್ನೋದು ಓದೋದಲ್ಲ ಕಣ್ರಯ್ಯಾ, ನಡೆಯೋದು!"

"ಹಳೇ ಕಾಲದಲ್ಲಿ ಭೂಕಂದಾಯಕ್ಕೆ ಅಂಥದೇ ಹೆಸರಿತ್ತಂತೆ, ಅದರಿಂದ ಬಂದಿದ್ದು ಅಂತಾರಲ್ಲ?" ಎಂದು ಯಾರಾದರೂ ಕೇಳಿದರೆ ಉಗುಳು ಹಾರಿಸುತ್ತ ಕಾದಾಡುತ್ತಿದ್ದ. ಮನೆಗೆ ಒಂದು ಕೊಡ ನೀರು ತರಲು ಮಾತ್ರ ಅವನ ಕಾಲು ಏಳುತ್ತಿರಲಿಲ್ಲ.

ಆ ವಸಂತದಲ್ಲಿ ದಿಮ್ಮಿಯ ತೆಪ್ಪ ನಡೆಸುವ ಕಲ್ಮನ್ ನದಿಯಲ್ಲಿ ಮುಳುಗಿದ. ಎಲ್ಲೋ ಕೆಳಗಿನ ಹಳ್ಳಿಯವರು ಹೆಣ ಎಳೆದು ಮಣ್ಣು ಮಾಡಿದರು. ಮದುವೆಯೂಟ ಮುಗಿಸಿ ಗಾಡಿಯಲ್ಲಿ ಆ ದಾರಿಯಾಗಿ ಬರುತ್ತಿದ್ದ ಜೆಲಿಕ್ ಒಬ್ಬನೇ, ಹೂಳುವ ಮುಂಚೆ ಆ ಮುಖವನ್ನು ಕಂಡು ಗುರುತು ಹಿಡಿದವನು. ಅವನು ಪಕ್ಕದೂರಿನ ಧರ್ಮಗುರು ರಬ್ಬಿಯ ಮುಂದೆ ಸಾಕ್ಷಿ ನುಡಿಯುವ ತನಕ, ಕಟ್ಟಳೆಯ ಪ್ರಕಾರ ಕಲ್ಮನ್‌ನ ಹೆಂಡತಿ ಸಿಪ್ರೆ ವಿಧವೆಯಲ್ಲ, ಮರುಮದುವೆಯಾಗುವಂತಿಲ್ಲ.

"ರೆಬ್ ಜೆಲಿಕ್, ಅಯ್ಯಾ, ನಿಮ್ಮ ದಮ್ಮಯ್ಯ, ಬಂದು ಒಂದು ಮಾತು ಹೇಳಿ," ಎಂದು ಸಿಪ್ರೆ ಬೇಡಿಕೊಂಡಳು.

"ಈ ಕೆಸರಲ್ಲಾ? ಹಬ್ಬ ಕಳೀಲಿ ತಾಯಿ."

ಹಬ್ಬ ಕಳೆಯಿತು. ಬಿಸಿಲು ಬಂತು, ಹಿಮ ಬಂತು, ಮತ್ತೆ ಕೆಸರು ಬಂತು. ಸಿಪ್ರೆಯ ಕೈ ಹಿಡಿಯುತ್ತೇನೆಂದಿದ್ದ ತಗಡು ಕೆಲಸದವನು ಕಾದು ಕಾದು ಬೇರೆಯವಳನ್ನು ಮದುವೆಯಾದ.

ಅಂದು ಬ್ರೈನ ಗಂಡನ ಮುಂದಿನ ಸಾರಿನ ಬಟ್ಟಲನ್ನು ಎತ್ತಿಕೊಂಡಳು.

"ನಡಿಗೆ ನಡಿಗೆ ಅಂತ ಊರಿಗೆಲ್ಲ ಡಂಗುರ ಹೊಡೀತೀಯಲ್ಲ, ನಿನ್ನ ಕಾಲಿಗೇನು ಗೆದ್ದಲು ಹತ್ತಿದೆಯಾ? ಸಾಕ್ಷಿ ಹೇಳಿ ಬಾ. ಅಲ್ಲೀವರೆಗೂ ಈ ಮನೇಲಿ ನಿನಗೆ ತುತ್ತಿಲ್ಲ."

"ವಿದ್ವಾಂಸನಿಗೆ ಹೀಗೆ..."

"ವಿದ್ವಾಂಸನಂತೆ! ನನ್ನ ಹೆಬ್ಬಾತುಗಳೂ ದಿನವಿಡೀ ಒಂದೇ ಪದ ಒದರ್ತವೆ. ಆದ್ರೆ ಅವು ನಡೀತವೆ."

ಹಸಿವು ತಾಳಲಾರದೆ ಅವನು ಅವಳ ಗಾಡಿ ಹತ್ತಿ, ಹೆಬ್ಬಾತಿನ ಪಂಜರಗಳ ನಡುವೆ ಕೂತು ಹೊರಟ. ರಬ್ಬಿಯ ಮುಂದೆ ನಿಂತವನೇ ಗಂಟಲು ಸರಿಮಾಡಿಕೊಂಡ.

"ಮೊದಲಿಗೆ, ಹಲಾಖಾ ಅನ್ನೋ ಪದ ನೋಡಿ..."

"ಅದು ಗೊತ್ತಯ್ಯ. ಹೆಣ ನೋಡಿದೆಯೋ ಇಲ್ಲವೋ?"

"ನೋಡಿದೆ. ಕಲ್ಮನ್‌ನೇ."

"ಇಷ್ಟು ದಿನ ಎಲ್ಲಿ ಸತ್ತಿದ್ದೆ?"

ರಬ್ಬಿ ಸಾಕ್ಷಿಯನ್ನು ಬರೆದುಕೊಂಡ. ಸಿಪ್ರೆಗೆ ಬಿಡುಗಡೆಯಾಯಿತು. ಆದರೆ ಆ ಊರಿನಲ್ಲಿ ಅವಳಿಗಿನ್ನೇನು ಉಳಿದಿತ್ತು? ಅಕ್ಕನಿದ್ದ ಊರಿಗೆ ಗಂಟು ಕಟ್ಟಿದಳು. ಬ್ರೈನ ಅವಳ ಜೊತೆ ಗಾಡಿಯವರೆಗೂ ಹೋಗಿ, ಅವಳ ಮಡಿಲಿಗೆ ಕೊಬ್ಬಿನ ಜಾಡಿ ಇಟ್ಟಳು.

ಹಿಂದಿರುಗುವಾಗ ಪಾಠಮಂದಿರದ ಕಿಟಕಿಯಿಂದ ಗಂಡನ ದನಿ ಕೇಳಿಸಿತು: "ಆ ಬಡಪಾಯಿ ಹೆಂಗಸಿಗೆ ಬಿಡುಗಡೆ ಕೊಡಿಸಿದ್ದು ಯಾರು ಅಂದ್ಕೊಂಡ್ರಿ?"

ಬ್ರೈನ ಕೆಸರಿನಲ್ಲಿ ಉಗಿದು ಮನೆಯ ಕಡೆ ಹೊರಟಳು.