ಕಡಲಿಗೆ ಹೋಗಬೇಕಿದ್ದ ಎಚ್ಚರಿಕೆ

ಅಂತರ್ಜಾಲದ ಮಾತೆಲ್ಲ ಗಾಳಿಯಲ್ಲಿ ಹೋಗುವುದಾದರೂ ಅದಕ್ಕೊಂದು ಕಟ್ಟಳೆ ಬೇಕು, ಆ ಕಟ್ಟಳೆಯನ್ನು ಕಂಪೆನಿಗಳ ಅನುಕೂಲಕ್ಕೆ ಬಿಡದೆ ಜನರ ಪರವಾಗಿ ಸರ್ಕಾರವೂ ಕುಳಿತು ಬರೆಯಬೇಕು ಎಂದು ನಂಬಿ ಬಾಳು ಸವೆಸಿದವರಲ್ಲಿ ಶ್ರೀಮತಿ ಅನ್ನಪೂರ್ಣ ಅವರದು ಎದ್ದು ಕಾಣುವ ಹೆಸರು. ಬಾದಾಮಿಯ ಕಡೆಯಿಂದ ಗಾರೆಕೆಲಸಕ್ಕೆ ಬಂದು ಕಾರ್ಕಳದ ಕುಕ್ಕುಂದೂರಿನಲ್ಲಿ ನೆಲೆನಿಂತ ದಂಪತಿಯ ಮಗಳಾಗಿ ಬೆಳೆದು, ಮಣಿಪಾಲದಲ್ಲಿ ಓದಿ, ಸರ್ಕಾರದ ತಾಂತ್ರಿಕ ಮಾನಕ ವಿಭಾಗ ಸೇರಿದ ಅವರು ಸೇವೆಯ ಕೊನೆಯ ವರ್ಷಗಳಲ್ಲಿ ಕೈಗೆತ್ತಿಕೊಂಡದ್ದು, ಬಿರುಗಾಳಿಯ ಎಚ್ಚರಿಕೆಯನ್ನು ದೋಣಿಗಳಿಗೆ ಮುಟ್ಟಿಸುವ ಮಾನಕವನ್ನು, ಅಂದರೆ ಎಲ್ಲರೂ ಪಾಲಿಸಬೇಕಾದ ಕಟ್ಟಳೆಯನ್ನು.

ಕಂಪೆನಿಯೊಂದು ತನ್ನ ಆ್ಯಪ್ ಇದ್ದವರಿಗಷ್ಟೇ ಸಿಗುವ ವಿಧಾನವನ್ನು ಮಾನಕವೆಂದು ಒಪ್ಪಿಸಲು ಹೊರಟಿತ್ತು. ಅದಕ್ಕೆದುರಾಗಿ ಸರ್ಕಾರದ ಕರಡು ಸಿದ್ಧವಾಯಿತು: ಯಾವ ಫೋನಾದರೂ ಸರಿ, ದೋಣಿಯ ಹೆಸರಿನಲ್ಲಿ ನೋಂದಾಯಿಸಿದ ನಂಬರಿಗೆ ಸಂದೇಶ ಹೋಗಬೇಕು. ಮಾನಕವನ್ನು ತೀರ್ಮಾನಿಸುವ ಸಭೆಯ ಮುನ್ನಾದಿನ, ಕರಡು ಬರೆದ ಕಿರಿಯ ಸಹೋದ್ಯೋಗಿ ಬ್ರಯಾನ್ ಮಣಿಪಾಲದಿಂದ ಒಂದು ದೋಣಿಯ ನಂಬರಿಗೆ ಪರೀಕ್ಷೆಗೆಂದು ಸಂದೇಶ ಕಳಿಸಿದರು. ಅನ್ನಪೂರ್ಣ ಅವರು ಕಾಪುವಿನಲ್ಲಿ ಆ ದೋಣಿಯ ಮನೆಯೊಡತಿ ಅಮ್ಮಣ್ಣಿಯವರ ಜಗಲಿಯಲ್ಲಿ ಕುಳಿತು, ದೋಣಿಯೊಂದಿಗೆ ಕಡಲಲ್ಲಿದ್ದ ಅಮ್ಮಣ್ಣಿಯವರ ಗಂಡ ಚೆನ್ನಪ್ಪನವರ ಉತ್ತರಕ್ಕೆ ಕಾದರು. ಎಚ್ಚರಿಕೆ ಕೂಗಿದ್ದು ಅಡುಗೆಮನೆಯಲ್ಲಿ.

ಮೀನು ಕೊಯ್ದ ಕೈ ಒರೆಸಿಕೊಳ್ಳುತ್ತ ಅಮ್ಮಣ್ಣಿ ಫೋನು ತಂದರು. "ಗಾಳಿ ಬರ್ತದಂತೆ, ದಡಕ್ಕೆ ಬರಬೇಕಂತೆ. ನಾನು ದಡದಲ್ಲೇ ಇದ್ದೇನಲ್ಲ ಮೇಡಂ, ಇನ್ನೆಲ್ಲಿಗೆ ಬರುವುದು?"

"ಇದು ದೋಣಿಯ ನಂಬರಲ್ವಾ ಅಮ್ಮ?"

"ಹೌದು. ಡೀಸೆಲ್ ಸಬ್ಸಿಡಿಯ ಓಟಿಪಿ ಬರುವುದು ಇದಕ್ಕೇ. ಸಮುದ್ರಕ್ಕೆ ಕೊಂಡುಹೋದರೆ ಓಟಿಪಿಯನ್ನು ಮೀನು ಬಂದು ಹೇಳುವುದಾ? ಇಲ್ಲಿ ಎಲ್ಲರ ಮನೆಯಲ್ಲೂ ಹೀಗೇ. ಕಡಲಿಗೆ ಹೋದವರ ಹತ್ತಿರ ಬೇರೆ ಫೋನು ಉಂಟು, ಅದರ ನಂಬರು ನೀವು ಕೇಳಲೇ ಇಲ್ಲ."

ಅನ್ನಪೂರ್ಣ ನಕ್ಕರು, ನಗು ಅರ್ಧಕ್ಕೇ ನಿಂತಿತು. ಕರಡು ಹಾಗೇ ಜಾರಿಯಾದರೆ ಗಾಳಿ ಬಂದ ದಿನ ಊರಿನ ಅಡುಗೆಮನೆಗಳಿಗೆಲ್ಲ ಸುದ್ದಿ ಮುಟ್ಟಿರುತ್ತದೆ, ದೋಣಿಗಳಿಗೆ ಮಾತ್ರ ಇಲ್ಲ. ಹಿಂತೆಗೆದುಕೊಂಡರೆ ಕಂಪೆನಿಗೆ ಬಾಗಿಲು ತೆರೆದಂತೆ. ಮರಳುವಾಗ ಕಡಿಯಾಳಿಯ ದೇವಿಯ ಮುಂದೆ ನಿಂತು, ನಾಳೆ ನಾಲಗೆ ತಡವರಿಸದಿರಲಿ ಎಂದಷ್ಟೇ ಬೇಡಿಕೊಂಡರು.

ಮರುದಿನ ಸಭೆಯಲ್ಲಿ ಬ್ರಯಾನ್ ತಲೆ ತಗ್ಗಿಸಿ ಕುಳಿತಿದ್ದರು. ಅನ್ನಪೂರ್ಣ ಎದ್ದರು. "ಕರಡಿನಲ್ಲಿ ತಪ್ಪು ಉಂಟು. ಸಹಿ ನನ್ನದು, ತಪ್ಪೂ ನನ್ನದೇ. ನಂಬರು ಹುಡುಕುವುದು ಬೇಡ. ಗಾಳಿ ಬೀಸುವ ಕಡೆಯ ಟವರಿಗೆ ಸಿಕ್ಕುವ ಫೋನೆಲ್ಲ ಒಟ್ಟಿಗೆ ಕೂಗಲಿ."

"ಸರ್ಕಾರಕ್ಕೇ ಗೊತ್ತಿರಲಿಲ್ಲ ಅಂದ ಮೇಲೆ ನಮಗೆ ಬಿಡಬಹುದಲ್ಲ?" ಎಂದರು ಕಂಪೆನಿಯವರು.

"ಈಗ ಗೊತ್ತಾಯಿತಲ್ಲ ಮಾರಾಯ್ರೆ, ಇನ್ನು ಬಿಡಲಿಕ್ಕೆ ಹೇಗೆ ಆಗ್ತದೆ?"

ಸಭೆ ನಕ್ಕಿತು, ಕರಡು ತಿದ್ದಲು ಕಾಲಾವಕಾಶವನ್ನೂ ಕೊಟ್ಟಿತು. ತಿದ್ದಿದ ಕರಡೇ ಮಾನಕವಾಯಿತು. ಆದರೆ ಟವರು ಸಿಗದ ಆಳಕಡಲಿಗೆ ಆ ಕೂಗು ಇನ್ನೂ ಮುಟ್ಟಿಲ್ಲ. ನಿವೃತ್ತಿಯ ಹಾರ ಹಾಕಿಸಿಕೊಂಡ ಮೇಲೂ ಅನ್ನಪೂರ್ಣ ಅವರು ಆ ಕೆಲಸದಿಂದ ಎದ್ದಿಲ್ಲ. ಭಗವಂತ ಅವರಿಗೆ ತುಂಬು ಆಯುಷ್ಯ ಕೊಡಲಿ; ದೂರದ ದೋಣಿಯೊಂದು ಎಚ್ಚರಿಕೆ ಕೇಳಿ ದಡದತ್ತ ಮುಖ ತಿರುಗಿಸುವ ದಿನವನ್ನು ಅವರು ತಮ್ಮ ಕಣ್ಣಾರೆ ಕಾಣುವಂತಾಗಲಿ.