ದೊಡ್ಡ ರೊಟ್ಟಿ, ಚಿಕ್ಕ ರೊಟ್ಟಿ

೧೯೯೧ರಲ್ಲಿ, ಏಳನೇ ಕ್ಲಾಸಿನ ನಡುವೆ ನಾನು ಓದು ನಿಲ್ಲಿಸಿದೆ. ಆಮೇಲೆ ನನಗೆ ಪಾಠ ಹೇಳಿದವಳು ರಜಿಯಾ ಒಬ್ಬಳೇ, ಅದೂ ಜೋಳದ ರೊಟ್ಟಿ ಕೈಯಲ್ಲಿ ಹಿಡಿದುಕೊಂಡು.

ಧಾರವಾಡದ ಹುಡುಗಿ. ಬ್ರಿಸ್ಬೇನಿನಲ್ಲಿ ಎಂಎಸ್ಸಿ ಮುಗಿಸಿ ಪರ್ತ್‌ಗೆ ಪಿಎಚ್‌ಡಿಗೆ ಬಂದಿದ್ದಳು. ವಿಷಯ, ಹಕ್ಕಿಗಳ ಲಿಂಗ ವರ್ಣತಂತು. ವಾರಕ್ಕೆ ಮೂರು ಮಧ್ಯಾಹ್ನ ವೆಲ್ಷ್‌ಪೂಲಿನ ನಮ್ಮ ಗೋದಾಮಿನಲ್ಲಿ ಡಬ್ಬ ಸ್ಕ್ಯಾನ್ ಮಾಡುತ್ತಿದ್ದಳು. ನಾನು ಅಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತೇನೆ. ಹದಿನಾಲ್ಕು ವರ್ಷದಲ್ಲಿ ಸರಕಿನ ಒಂದು ಪ್ಯಾಲೆಟ್ಟನ್ನೂ ಬೀಳಿಸಿದವನಲ್ಲ. ಸಿಕ್ಕಿದ್ದೆಲ್ಲ ಅವಳಿಗೆ ಕರಿಹಲಗೆ: ವ್ಯಾನಿನ ಧೂಳು, ರಟ್ಟಿನ ಡಬ್ಬ, ಒಮ್ಮೆ ನನ್ನ ಹೆಲ್ಮೆಟ್ಟು. "ಅಂಕಲ್, ಒರಸಬ್ಯಾಡ್ರಿ, ಫೋಟೋ ತಗೊಂತೀನಿ" ಅನ್ನುತ್ತಿದ್ದಳು.

ನನಗೆ ಕೋಳಿಯ ಹುಚ್ಚು. ಊರಾಚೆ ಒಬ್ಬರ ಜಮೀನಿನಲ್ಲಿ ಶೆಡ್ ಕಟ್ಟಿ, ಮರಿ ಮಾಡಿಸಿ, ಕ್ಯಾನಿಂಗ್ಟನ್ ಕಡೆಯ ನಮ್ಮ ಜನಕ್ಕೆ ಕೊಡುತ್ತಿದ್ದೆ. ಅವರ ಹಿತ್ತಲಲ್ಲಿ ಹೇಂಟೆ ಸಾಕಬಹುದು, ಕೂಗುವ ಹುಂಜ ಕೂಡದು, ಇಲ್ಲಿನ ನಗರಸಭೆಯ ಕಾನೂನು. ಒಂದು ವರ್ಷ ಹೇಂಟೆ ಎಂದು ಕೊಟ್ಟ ಹನ್ನೊಂದರಲ್ಲಿ ಆರು ಬೆಳೆದು ಕೂಗಿದವು. ಆರೂ ಮನೆಯವರು ಡಬ್ಬದಲ್ಲಿ ತಂದು ಹಿಂತಿರುಗಿಸಿದರು. ನನ್ನ ಮಾತು ಹಾಗೆ ಹಿಂದಕ್ಕೆ ಬಂದದ್ದು ಅದೇ ಮೊದಲು. ಮುಂದಿನ ಸಲ ಬರೀ ಹೇಂಟೆ ಕೊಡುತ್ತೇನೆ, ತಪ್ಪಿದರೆ ಕೋಳಿ ಸಾಕುವುದನ್ನೇ ಬಿಡುತ್ತೇನೆ ಎಂದು ಎಲ್ಲರೆದುರು ಹೇಳಿಬಿಟ್ಟೆ.

ಪಟ್ಟೆ ಕೋಳಿಯನ್ನು ಕೆಂಪಿನ ಜೊತೆ ಕೂಡಿಸಿದರೆ ಗಂಡುಮರಿಗೆ ಮಾತ್ರ ನೆತ್ತಿಯಲ್ಲಿ ಬಿಳಿ ಚುಕ್ಕೆ ಬರುತ್ತದೆಂದು ಕೇಳಿದ್ದೆ. ಬೀಜದಂತೆ ಬೆಳೆ ಎಂದುಕೊಂಡು ಒಳ್ಳೆಯ ಪಟ್ಟೆ ಹುಂಜವನ್ನೇ ಹುಡುಕಿ ತಂದು ಕೆಂಪು ಹೇಂಟೆಗಳ ಜೊತೆ ಬಿಟ್ಟೆ. ಹತ್ತೊಂಬತ್ತು ಮರಿ ಬಂದವು. ಹತ್ತೊಂಬತ್ತಕ್ಕೂ ಚುಕ್ಕೆ.

ಆ ಭಾನುವಾರ ರಜಿಯಾ ರೊಟ್ಟಿ ಬುತ್ತಿ ತಂದು ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಕಥೆ ಕೇಳಿ ತುತ್ತು ನುಂಗುವಷ್ಟರಲ್ಲಿ ನಕ್ಕಳು.

"ಜೋಡಿ ಉಲ್ಟಾ ಹಾಕೀರಿ, ಅಂಕಲ್."

"ಎಲ್ಲಾ ಅಪ್ಪನಿಂದ ಅಲ್ವೇನಮ್ಮಾ ಬರೋದು?"

"ಹಕ್ಕಿಯೊಳಗ ಗಂಡೋ ಹೆಣ್ಣೋ ಹೇಳಾಕಿ ತಾಯಿ." ತಟ್ಟೆಯಲ್ಲಿ ರೊಟ್ಟಿ ಜೋಡಿಸಿದಳು. "ಹುಂಜಕ್ಕ ಎರಡು ದೊಡ್ಡ ರೊಟ್ಟಿ, ಝಡ್ ಅನ್ರಿ. ಹೇಂಟಿಗೆ ಒಂದ ಝಡ್, ಇನ್ನೊಂದು ಈ ಹರಕ ಚೂರು, ಡಬ್ಲ್ಯೂ; ಅದರಾಗ ಜೀನ್ ಭಾಳ ಕಡಿಮಿ. ಗಂಡು ಮಾಡೋ ಜೀನ್ ಝಡ್ ಮ್ಯಾಲ ಐತಿ. ಎರಡು ಪಾಲು ಸಿಕ್ರ ಹುಂಜ, ಒಂದ ಆದ್ರ ಹೇಂಟಿ. ಆ ಚುಕ್ಕಿ ತರೋ ನಿಮ್ಮ ಪಟ್ಟಿ ಜೀನೂ ಝಡ್ ಮ್ಯಾಲನ ಕುಂತೈತಿ. ಪಟ್ಟಿ ಹುಂಜ ಎಲ್ಲಾ ಮಕ್ಕಳಿಗೂ ಅದನ್ನ ಹಂಚತೈತಿ. ಪಟ್ಟಿ ಹೇಂಟಿ ತನ್ನ ದೊಡ್ಡ ರೊಟ್ಟಿ ಗಂಡುಮಕ್ಕಳಿಗಷ್ಟ ಕೊಡ್ತಾಳ, ಹೆಣ್ಣಿಗೆ ಚೂರು."

"ಮನುಷ್ಯರಲ್ಲೂ ಹಿಂಗೇನಾ?" ನನ್ನ ಹೆಂಡತಿ ಗಿರಿಜ ಸೌಟು ಹಿಡಿದೇ ಕೇಳಿದಳು.

"ಇಲ್ಲ ಆಂಟಿ. ಅಲ್ಲಿ ಅಂಕಲ್ ಕಡೆಯಿಂದ."

ನಮಗಿಬ್ಬರೂ ಹೆಣ್ಣುಮಕ್ಕಳು. ಗಂಡು ಹೆರಲಿಲ್ಲವೆಂದು ನನ್ನ ತಾಯಿ ಗಿರಿಜಳನ್ನು ಆಡಿಕೊಂಡದ್ದು ಕಡಿಮೆಯೇನಲ್ಲ.

"ನಿಮ್ಮಮ್ಮಂಗೆ ಈಗ್ಲೇ ಫೋನ್ ಹಾಕ್ಲಾ?" ಎಂದಳು ಗಿರಿಜ.

"ಇಟ್ಸ್ ಆನ್ ಯೂ, ಡ್ಯಾಡ್" ಎಂದಳು ದೊಡ್ಡವಳು. ನಗು ನಿಲ್ಲುವಷ್ಟರಲ್ಲಿ ಸಾರು ಆರಿತ್ತು.

ಒಪ್ಪಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು. ಆಮೇಲೆ ಪಟ್ಟೆ ಹೇಂಟೆಗಳನ್ನು ತಂದು ಕೆಂಪು ಹುಂಜ ಬಿಟ್ಟೆ. ಈ ಸಲ ಹನ್ನೊಂದು ಮರಿಗೆ ಚುಕ್ಕೆ, ಹನ್ನೆರಡಕ್ಕೆ ಬರೀ ಕಪ್ಪು ನೆತ್ತಿ. ಕಪ್ಪು ನೆತ್ತಿಯವನ್ನೇ ಹನ್ನೆರಡು ಮನೆಗೆ ಕೊಟ್ಟೆ. ಅವು ಬೆಳೆಯುವ ಮೊದಲೇ ರಜಿಯಾಗೆ ಅಡಿಲೇಡಿನಲ್ಲಿ ಕೆಲಸ ಸಿಕ್ಕಿತು. ಹೋಗುವ ದಿನ ಶೆಡ್ಡಿಗೆ ಬಂದು, ಬಾಗಿಲ ಮೇಲೆ ಮಾರ್ಕರಿನಲ್ಲಿ ಎರಡು ರೊಟ್ಟಿ ಬರೆದಳು, ಒಂದು ದೊಡ್ಡದು, ಒಂದು ಚಿಕ್ಕದು. "ಮರತ್ರ ಇಲ್ಲಿ ನೋಡ್ರಿ" ಎಂದಳು.

ಐದು ತಿಂಗಳಾದ ಮೇಲೆ ಅಲ್ಲಿಂದ ಫೋನು. "ಯಾವುದಾರ ಕೂಗಿತೇನ್ರಿ, ಅಂಕಲ್?"

"ಒಂದೂ ಇಲ್ಲಮ್ಮ. ಮೊಟ್ಟೆ ಇಡ್ತಾ ಅವೆ."

ಈಗ ನನ್ನ ಹತ್ತಿರ ಇರುವುದು: ಏಳು ಪಟ್ಟೆ ಹೇಂಟೆ, ಒಂದು ಕೆಂಪು ಹುಂಜ, ಇಬ್ಬರು ಹೆಣ್ಣುಮಕ್ಕಳು, ಹಿಂತಿರುಗಿ ಬಾರದ ಹನ್ನೆರಡು ಕೋಳಿ, ಒರೆಸದೆ ಬಿಟ್ಟ ಒಂದು ಬಾಗಿಲು.